ಬೆಲೆ ಮತ್ತು ಬಾಳಿಕೆ

ಉಡುಗೆಯ ವಿಷಯದಲ್ಲಿ ಜನರಲ್ಲಿ ಎರಡು ತಪ್ಪು ತಿಳಿವಳಿಕೆಗಳು ಬಹುಕಾಲದಿಂದ ಬೇರೂರಿವೆ. ಹೆಚ್ಚು ಬೆಲೆಯ ಬಟ್ಟೆಯೆಲ್ಲ ಒಳ್ಳೆಯದೆಂಬುದು ಒಂದು. ಕಡಮೆ ಬೆಲೆಗೆ ದೊರೆತುದೆಲ್ಲ ಲಾಭವೆಂಬುದು ಮತ್ತೊಂದು. ಮೊದಲನೆಯದನ್ನು ನಂಬಿದವನು ಅಂಗಡಿಯ ಹೆಸರಿಗೆ ಹಣ ತೆರುತ್ತಾನೆ. ಎರಡನೆಯದನ್ನು ನಂಬಿದವನು ಅಗ್ಗವೆಂದು ಮುಗ್ಗಲು ಜೋಳ ತಂದವನಂತೆ, ವರ್ಷಕ್ಕೆ ಮೂರು ಬಾರಿ ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಇಬ್ಬರೂ ಬೆಲೆಯ ಚೀಟಿಯನ್ನು ನೋಡಿದರೇ ಹೊರತು ಬಟ್ಟೆಯನ್ನು ನೋಡಲಿಲ್ಲ. ಬಟ್ಟೆಯನ್ನು ನೋಡಬಲ್ಲವರಿಗೆ ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಆ ದಾರಿಯಲ್ಲಿ ದೊರೆಯುವ ಉಡುಗೆ ಅಂದವಾಗಿಯೂ ಇರುತ್ತದೆ, ಬಾಳಿಕೆಯೂ ಬರುತ್ತದೆ. ಅದರ ಬೆಲೆ ಸಾಧಾರಣ ಸಂಸಾರದ ಅಳವನ್ನು ಮೀರುವುದಿಲ್ಲ. ಇದು ಹೊಸ ದಾರಿಯೇನೂ ಅಲ್ಲ. ಉತ್ತರ ಕರ್ನಾಟಕದ ಹಳ್ಳಿಗಳ ಹೆಣ್ಣುಮಕ್ಕಳು ತಲೆತಲಾಂತರದಿಂದ ಇದರಲ್ಲಿಯೇ ನಡೆದು ಬಂದಿದ್ದಾರೆ. ಅವರು ಉಡುವ ಇಳಕಲ್ ಸೀರೆಯೇ ಅದಕ್ಕೆ ಸಾಕ್ಷಿ.

ಇಳಕಲ್ ಬಾಗಲಕೋಟೆ ಜಿಲ್ಲೆಯ ಒಂದು ಪಟ್ಟಣ. ಕೆಂಪು ಕಲ್ಲಿಗೆ ಹೆಸರಾಗಿರುವಂತೆಯೇ ಅದು ನೇಯ್ಗೆಗೂ ಹೆಸರಾಗಿದೆ. ಅಲ್ಲಿಯ ಸೀರೆಯನ್ನು ದೂರದಿಂದಲೇ ಗುರುತಿಸಬಹುದು. ದಾಳಿಂಬೆಯ ಕೆಂಪು, ಗಿಳಿಯ ಹಸಿರು, ನವಿಲಿನ ಬಣ್ಣ ಮೊದಲಾದ ತುಂಬು ವರ್ಣಗಳ ಒಡಲು; ಅಗಲವಾದ ದಡಿ; ಕೆಂಪು ಸೆರಗು, ಅದರ ನಡುವೆ ಬಿಳಿಯ ಪಟ್ಟಿಗಳು. ಸೆರಗಿನಲ್ಲಿ ಕೋಟೆಯ ತೆನೆ, ಬಾಚಣಿಗೆಯ ಹಲ್ಲು, ಜೋಳದ ತೆನೆ, ಬೆಟ್ಟದ ಸಾಲು ಇವುಗಳನ್ನು ಹೋಲುವ ಆಕೃತಿಗಳು ಮೂಡಿರುತ್ತವೆ. ದಡಿಗಳಿಗೆ ಗೋಮಿ, ಚಿಕ್ಕಿ, ಗಾಯತ್ರಿ ಎಂಬ ಹೆಸರುಗಳಿವೆ. ಇಷ್ಟೆಲ್ಲ ಅಂದವಿದ್ದರೂ ಈ ಸೀರೆ ಅರಮನೆಯ ಉಡುಗೆಯಾಗಿ ಪೆಟ್ಟಿಗೆ ಸೇರಲಿಲ್ಲ. ಅದು ಹೊಲಕ್ಕೆ ಹೋಗುವವಳ ಉಡುಗೆ; ಜಾತ್ರೆಗೆ ಹೋಗುವವಳ ಉಡುಗೆಯೂ ಹೌದು.

ಹಳ್ಳಿಯ ಹಿರಿಯ ಹೆಂಗಸೊಬ್ಬಳು ಸಂತೆಯಲ್ಲಿ ಸೀರೆ ಕೊಳ್ಳುವ ಕ್ರಮವನ್ನು ಗಮನಿಸಬೇಕು. ಆಕೆ ಮೊದಲು ಬೆಲೆಯನ್ನು ಕೇಳುವುದಿಲ್ಲ. ಸೀರೆಯ ಮಡಿಕೆಯನ್ನು ಬಿಚ್ಚಿ, ಬೆಳಕಿಗೆ ಹಿಡಿಯುತ್ತಾಳೆ. ಒಳಮೈಯನ್ನು ತಿರುವಿ ನೋಡುತ್ತಾಳೆ. ಒದ್ದೆ ಮಾಡಿದ ಬೆರಳಿನಿಂದ ದಡಿಯನ್ನು ಉಜ್ಜಿ, ಬೆರಳಿಗೆ ಬಣ್ಣ ಹತ್ತಿತೇ ಎಂದು ಪರೀಕ್ಷಿಸುತ್ತಾಳೆ. ಸೆರಗು ಒಡಲನ್ನು ಕೂಡುವ ಜಾಗದ ಮೇಲೆ ಹೆಬ್ಬೆರಳನ್ನು ಆಡಿಸುತ್ತಾಳೆ. “ಸೀರಿ ಹರಿದರ ಹರೀತದ, ಬಣ್ಣ ಹೋಗೂದಿಲ್ಲ ಯವ್ವಾ” ಎಂದು ಮಾರುವವನು ಹೇಳಿದರೂ ಆಕೆಯ ಪರೀಕ್ಷೆ ನಿಲ್ಲುವುದಿಲ್ಲ. ಎಲ್ಲವೂ ಒಪ್ಪಿಗೆಯಾದ ಮೇಲೆಯೇ ಬೆಲೆಯ ಮಾತು. ಶಾಲೆಯ ಮುಖವನ್ನು ಕಾಣದ ಆಕೆಗೆ ಬಟ್ಟೆಯನ್ನು ಓದಲು ಬರುತ್ತದೆ.

ಆಕೆಯ ಹೆಬ್ಬೆರಳು ಹುಡುಕುವುದೇನನ್ನು? ಅದನ್ನು ತಿಳಿಯಲು ಇಳಕಲ್ಲಿನ ಮಗ್ಗದ ಬಳಿಗೆ ಹೋಗಬೇಕು. ನೇಕಾರನು ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಸಿ ಕುಳಿತು ನೇಯುತ್ತಾನೆ. ಇದಕ್ಕೆ ಕುಣಿಮಗ್ಗವೆಂದು ಹೆಸರು. ಬಟ್ಟೆಯ ಉದ್ದಕ್ಕೆ ಹಾಯುವ ಎಳೆಗಳು ಹಾಸು. ಲಾಳಿಯೊಡನೆ ಅಡ್ಡಲಾಗಿ ಓಡುವ ಎಳೆ ಹೊಕ್ಕು. ಸಾಮಾನ್ಯವಾಗಿ ಒಂದೇ ಹಾಸಿನ ಮೇಲೆ ಒಂದರ ಹಿಂದೊಂದರಂತೆ ಹಲವು ಸೀರೆಗಳನ್ನು ನೇಯಬಹುದು. ಆದರೆ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನದು ಹೆಚ್ಚಾಗಿ ಹತ್ತಿ. ಸೆರಗಿನದು ರೇಷ್ಮೆ ಅಥವಾ ಕೃತಕ ರೇಷ್ಮೆ. ಈ ಎರಡು ಹಾಸುಗಳ ಎಳೆಗಳನ್ನು ಕುಣಿಕೆಗೆ ಕುಣಿಕೆ ಕೂಡಿಸಿ ಜೋಡಿಸುತ್ತಾರೆ. ಈ ಜೋಡಣೆಗೆ ತೋಪು ತೆನೆ ಎಂದು ಹೆಸರು. ಇದರಿಂದಾಗಿ ಒಂದೊಂದು ಸೀರೆಗೂ ಹೊಸದಾಗಿ ಹಾಸನ್ನು ಸಿದ್ಧಪಡಿಸಬೇಕಾಗುತ್ತದೆ. ಒಡಲಿನ ಹೊಕ್ಕಿಗೆ ಒಂದು, ಎರಡು ದಡಿಗಳಿಗೆ ಎರಡು, ಹೀಗೆ ಮೂರು ಲಾಳಿಗಳನ್ನು ಆಡಿಸಿ, ಒಡಲಿನ ಹೊಕ್ಕನ್ನೂ ದಡಿಯ ಹೊಕ್ಕನ್ನೂ ಒಂದರೊಳಗೊಂದು ಸಿಕ್ಕಿಸುವ ಕೊಂಡಿಯ ನೇಯ್ಗೆಯೂ ಅಲ್ಲಿ ಉಂಟು.

ಒಂದು ಸೀರೆಯ ಹಿಂದೆ ಒಬ್ಬನೇ ನೇಕಾರನಿರುವುದಿಲ್ಲ. ನೂಲಿಗೆ ಬಣ್ಣ ಹಾಕುವವರು, ಹಾಸು ಹೂಡುವವರು, ಗಂಜಿ ಕೊಡುವವರು, ಕಂಡಿಕೆ ಸುತ್ತುವವರು ಹೀಗೆ ಇಡೀ ಮನೆತನದ ದುಡಿಮೆ ಅದರಲ್ಲಿ ಸೇರಿರುತ್ತದೆ. ಮನೆಯ ಹೆಂಗಸರ ಪಾಲು ಇದರಲ್ಲಿ ದೊಡ್ಡದು. ‘ಹಾಸುಹೊಕ್ಕು’ ಎಂಬ ಮಾತು ಕನ್ನಡಿಗರ ನುಡಿಯೊಳಗೆ ಬಂದುದು ಇಂಥ ಮನೆಗಳಿಂದಲೇ. ಆದ್ಯ ವಚನಕಾರರಲ್ಲಿ ಒಬ್ಬನಾದ ಜೇಡರ ದಾಸಿಮಯ್ಯನೂ ನೇಯ್ಗೆಯ ಕಾಯಕದವನೇ.

ಇಂಥ ಸೀರೆಯ ಹೆಸರಿನಲ್ಲಿ ಬೇರೆ ಸರಕೂ ಮಾರಾಟವಾಗುತ್ತದೆ. ವಿದ್ಯುತ್ ಮಗ್ಗದ ಮೇಲೆ ಬೇಗ ಬೇಗನೆ ನೇಯ್ದ, ಅಥವಾ ಬರಿಯ ಅಚ್ಚಿನಿಂದ ಸೆರಗಿನ ಚಿತ್ತಾರ ಒತ್ತಿದ ಬಟ್ಟೆಗಳನ್ನು ಇಳಕಲ್ ಸೀರೆಯೆಂದು ಹೇಳಿ ಮಾರುವುದುಂಟು. ವಿದ್ಯುತ್ ಮಗ್ಗದ ಬಟ್ಟೆ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಅದು ಕೋಟಿಗಟ್ಟಲೆ ಜನರಿಗೆ ಅಗ್ಗದ ಉಡುಗೆಯನ್ನು ಒದಗಿಸಿದೆ. ಅದನ್ನು ನಂಬಿ ಬದುಕುವವರೂ ದುಡಿಯುವ ಜನರೇ. ಆದರೆ ಅದನ್ನು ಕೈಮಗ್ಗದ್ದೆಂದು ಹೇಳಿ ಮಾರಿದಾಗ ಎರಡು ಕಡೆ ಅನ್ಯಾಯವಾಗುತ್ತದೆ. ಕೊಂಡವನು ಇಲ್ಲದ ಗುಣಕ್ಕೆ ಹಣ ಕೊಡುತ್ತಾನೆ. ನೇಯ್ದವನು ತನ್ನ ನಿಜವಾದ ಸೀರೆಯನ್ನು ಹುಸಿಯ ಬೆಲೆಗೆ ಇಳಿಸಬೇಕಾಗುತ್ತದೆ.

ಈ ಮೋಸದಿಂದ ಪಾರಾಗಲು ಕೆಲವು ಗುರುತುಗಳು ನೆರವಾಗುತ್ತವೆ. ತೋಪು ತೆನೆಯ ಸೀರೆಯಲ್ಲಿ ಒಡಲಿನ ಉದ್ದೆಳೆಗಳು ಸೆರಗಿನ ಅಂಚಿಗೆ ಮುಗಿದು, ಬೇರೆ ಬಣ್ಣದ ಎಳೆಗಳು ಆರಂಭವಾಗುತ್ತವೆ. ಒಡಲಿನ ಎಳೆಗಳೇ ಸೆರಗಿನ ಕೊನೆಯವರೆಗೆ ಹರಿದಿದ್ದರೆ ಅದು ತೋಪು ತೆನೆಯಲ್ಲ. ಕೊಂಡಿಯ ನೇಯ್ಗೆಯ ದಡಿಯಲ್ಲಿ ಒಡಲಿನ ಹೊಕ್ಕಿನ ಬಣ್ಣ ಬೆರೆಯುವುದಿಲ್ಲ. ದಡಿ ತನ್ನ ಅಚ್ಚ ಬಣ್ಣದಲ್ಲಿಯೇ ಇರುತ್ತದೆ. ಚಿತ್ತಾರವನ್ನು ನೇಯ್ದಿದ್ದರೆ ಅದು ಬಟ್ಟೆಯ ಒಳಮೈಯಲ್ಲಿಯೂ ಕಾಣುತ್ತದೆ. ಅಚ್ಚೊತ್ತಿದ್ದರೆ ಒಳಮೈ ಮಂಕಾಗಿರುತ್ತದೆ. ಸೀರೆಯ ಮೇಲೆ ಕಸೂತಿಯಿದ್ದರೆ ಅದನ್ನೂ ತಿರುವಿ ನೋಡಬೇಕು. ಕೈಯಿಂದ ಹಾಕಿದ ಗವಂತಿ, ಮುರ್ಗಿ ಹೊಲಿಗೆಗಳು ಎರಡು ಮೈಗಳಲ್ಲಿಯೂ ಒಂದೇ ತೆರನಾಗಿದ್ದು, ಗಂಟುಗಳಿಲ್ಲದೆ ಸಾಗುತ್ತವೆ. ರೇಷ್ಮೆಯ ಬಗೆಗೆ ಅನುಮಾನವಿದ್ದರೆ ಸೆರಗಿನ ತುದಿಯ ಒಂದು ಎಳೆಯನ್ನು ಸುಟ್ಟು ನೋಡಬಹುದು. ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಹುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎಳೆಗಳು ಅಲ್ಲಲ್ಲಿ ಕೂದಲೆಳೆಯಷ್ಟು ಏರುಪೇರಾಗಿದ್ದರೆ ಅದನ್ನು ದೋಷವೆಂದು ಎಣಿಸಬಾರದು. ಅದು ಕೈಯ ಗುರುತು.

ಬೆಲೆಯನ್ನು ಅಳೆಯುವ ಕ್ರಮವನ್ನೂ ಕಲಿಯಬೇಕಾಗಿದೆ. ಉದಾಹರಣೆಗೆ, 400 ರೂಪಾಯಿಯ ಬಟ್ಟೆಯೊಂದು ಹತ್ತು ಸಲ ಉಡುವಷ್ಟರಲ್ಲಿ ಬಣ್ಣಗೆಟ್ಟು ಮೂಲೆ ಸೇರಿತೆಂದು ಭಾವಿಸೋಣ. ಆಗ ಒಂದು ಸಲ ಉಟ್ಟುದಕ್ಕೆ ಬಿದ್ದ ವೆಚ್ಚ 40 ರೂಪಾಯಿ. 1,600 ರೂಪಾಯಿಯ ಬಟ್ಟೆ ಇನ್ನೂರು ಸಲ ಉಡಲು ಬಂದರೆ ಒಂದು ಸಲಕ್ಕೆ 8 ರೂಪಾಯಿ ಮಾತ್ರ. ಮೇಲ್ನೋಟಕ್ಕೆ ಅಗ್ಗವಾದುದು ಇಲ್ಲಿ ಐದು ಪಟ್ಟು ದುಬಾರಿಯಾಯಿತು. ಇನ್ನು ಬೆಡಗಿನ ಮಳಿಗೆಯಲ್ಲಿ ಅನೇಕ ಸಾವಿರಕ್ಕೆ ಮಾರುವ ಬಟ್ಟೆಯ ಬೆಲೆಯಲ್ಲಿ ನೂಲು ಮತ್ತು ನೇಯ್ಗೆಯ ಪಾಲೆಷ್ಟು, ಜಾಹೀರಾತು ಮತ್ತು ಕಟ್ಟಡದ ಬಾಡಿಗೆಯ ಪಾಲೆಷ್ಟು ಎಂಬುದನ್ನು ವಿವೇಕಿಯಾದವನು ಯೋಚಿಸದೆ ಇರಲಾರನು.

ಈ ಮಾತು ಸೀರೆಗೆ ಮಾತ್ರ ಸಲ್ಲುವುದಿಲ್ಲ. ಇಳಕಲ್ಲಿಗೆ ದೂರವಲ್ಲದ ಗುಳೇದಗುಡ್ಡದಲ್ಲಿ ಕುಪ್ಪಸದ ಖಣವನ್ನು ನೇಯುತ್ತಾರೆ. ತೇರು, ಆನೆಹೆಜ್ಜೆ, ಸೂಜಿಮಲ್ಲಿಗೆ ಮೊದಲಾದ ಪುಟ್ಟ ಪುಟ್ಟ ಚಿತ್ತಾರಗಳಿಂದ ಅದು ತುಂಬಿರುತ್ತದೆ. ಸ್ವಲ್ಪವೇ ಬಟ್ಟೆ ಸಾಕಾಗುವುದರಿಂದ ಅದಕ್ಕೆ ಬೀಳುವ ವೆಚ್ಚವೂ ಸ್ವಲ್ಪವೇ. ಆದರೆ ಸಾದಾ ಸೀರೆಯೊಂದಕ್ಕೆ ಅದು ಕೊಡುವ ಕಳೆ ಅಪಾರ. ಧಾರವಾಡ ಜಿಲ್ಲೆಯ ಗರಗದ ಖಾದಿ ರಾಷ್ಟ್ರಧ್ವಜದ ಬಟ್ಟೆಯೆಂದು ಕೀರ್ತಿ ಪಡೆದಿದೆ. ಖಾದಿ ಭಂಡಾರದಲ್ಲಿ ಅರಿವೆ ಕೊಂಡು, ಬಲ್ಲ ದರ್ಜಿಯಿಂದ ಮೈಗೊಪ್ಪುವಂತೆ ಅಂಗಿ ಹೊಲಿಸಿಕೊಂಡವನ ಉಡುಗೆ ಎಲ್ಲರಂತಿರದೆ ಅವನದೇ ಆಗಿರುತ್ತದೆ. ಹೊಲಿಸುವಾಗ ಒಳಗೆ ಒಂದಿಷ್ಟು ಬಟ್ಟೆಯನ್ನು ಮಡಿಸಿ ಬಿಡಿಸಿದರೆ, ಮುಂದೆ ಬಿಗಿಯಾದಾಗ ಬಿಚ್ಚಿ ಸಡಿಲಿಸಿಕೊಳ್ಳಬಹುದು. ಬೆಳೆಯುವ ಮಕ್ಕಳಿರುವ ಮನೆಗಳಲ್ಲಿ ತಾಯಂದಿರು ಈ ಉಪಾಯವನ್ನು ಎಂದಿನಿಂದಲೂ ಬಲ್ಲರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಿತವಾದ ಬೆಲೆಯನ್ನು ಹುಡುಕುವುದು ಬೇರೆ, ದುಡಿದವನ ಕೂಲಿಯನ್ನು ಕಡಿಯುವುದು ಬೇರೆ. 2019–20ರಲ್ಲಿ ನಡೆದ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 35 ಲಕ್ಷ ಜನ ಕೈಮಗ್ಗದ ನೇಯ್ಗೆಯಲ್ಲಿಯೂ ಅದಕ್ಕೆ ಸಂಬಂಧಿಸಿದ ಕೆಲಸಗಳಲ್ಲಿಯೂ ತೊಡಗಿದ್ದರು. ಅವರಲ್ಲಿ ಹೆಂಗಸರದೇ ಹೆಚ್ಚಿನ ಸಂಖ್ಯೆ. ನೇಕಾರ ಕುಟುಂಬಗಳಲ್ಲಿ ಸುಮಾರು ಮೂರನೆಯ ಎರಡು ಪಾಲಿನವರ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಮೆಯಿತ್ತು. ಇಂಥ ಮನೆಯಲ್ಲಿ ಬೆಳೆದ ಮಗ ತಂದೆಯ ಕುಣಿಮಗ್ಗಕ್ಕೆ ಇಳಿಯದೆ ನಗರದ ಬಸ್ಸು ಹತ್ತಿದರೆ ಅವನನ್ನು ದೂಷಿಸುವುದು ನ್ಯಾಯವಲ್ಲ. ಗಾಜಿನ ಮಳಿಗೆಯಲ್ಲಿ ಕೇಳಿದಷ್ಟು ಹಣವನ್ನು ತುಟಿಪಿಟಕ್ಕೆನ್ನದೆ ಎಣಿಸಿ ಕೊಡುವವರೇ ನೇಕಾರನ ಮನೆಯ ಮುಂದೆ ನೂರು ರೂಪಾಯಿಗಾಗಿ ಚೌಕಾಸಿಗೆ ಇಳಿಯುವುದುಂಟು. ಅಲ್ಲಿ ಉಳಿಸಿದ ನೂರು ರೂಪಾಯಿ ಕೊಂಡವನಿಗೆ ಒಂದು ಹೊತ್ತಿನ ಸಂತೋಷ. ನೇಯ್ದವನಿಗೆ ಮನೆಯವರ ಒಂದು ದಿನದ ಊಟ.

ನೇಕಾರನಿಗೂ ಕೊಳ್ಳುವವನಿಗೂ ನಡುವಿನ ದೂರವನ್ನು ಕಡಮೆ ಮಾಡುವ ಪ್ರಯತ್ನಗಳು ನಡೆದಿವೆ. ನೇಕಾರರ ಸಹಕಾರ ಸಂಘಗಳು ಹುಟ್ಟಿಕೊಂಡವು. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಅದರ ಮಾರಾಟ ಮಳಿಗೆಗಳು ‘ಪ್ರಿಯದರ್ಶಿನಿ’ ಎಂಬ ಹೆಸರಿನಿಂದ ಪರಿಚಿತವಾದವು. 1985ರಲ್ಲಿ ಸಂಸತ್ತು ಕೆಲವು ಬಗೆಯ ವಸ್ತ್ರಗಳ ಉತ್ಪಾದನೆಯನ್ನು ಕೈಮಗ್ಗಕ್ಕೆ ಮೀಸಲಿಡುವ ಕಾನೂನನ್ನು ಮಾಡಿತು. ಒಂದು ಊರಿನ ವಿಶಿಷ್ಟ ಸರಕಿನ ಹೆಸರನ್ನು ಇತರರು ಬಳಸದಂತೆ ತಡೆಯುವ ಭೌಗೋಳಿಕ ಸೂಚಿಯ ಕಾನೂನು 1999ರಲ್ಲಿ ಬಂದಿತು. ಇಳಕಲ್ ಸೀರೆ ಆ ಮನ್ನಣೆಯನ್ನು ಪಡೆದಿದೆ. ಕೈಮಗ್ಗದ ಬಟ್ಟೆಯನ್ನು ಗುರುತಿಸಲು 2006ರಲ್ಲಿ ಕೈಮಗ್ಗ ಮುದ್ರೆ ಬಳಕೆಗೆ ಬಂದಿತು. 1905ರ ಆಗಸ್ಟ್ 7ರಂದು ಆರಂಭವಾದ ಸ್ವದೇಶಿ ಚಳವಳಿಯ ನೆನಪಿಗಾಗಿ 2015ರಿಂದ ಪ್ರತಿವರ್ಷ ಆ ದಿನವನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸಲಾಗುತ್ತಿದೆ. ಆದರೆ ಕಾನೂನು, ಮುದ್ರೆ, ಉತ್ಸವಗಳು ಎಷ್ಟೇ ಇದ್ದರೂ ಅಂಗಡಿಯ ಕಟ್ಟೆಯ ಮುಂದೆ ನಿಂತು ತೀರ್ಮಾನಿಸುವವನು ಕೊಳ್ಳುವವನೇ. ಅವನ ಕಣ್ಣಿಗೆ ಬಟ್ಟೆ ತಿಳಿಯದಿದ್ದರೆ ಮಗ್ಗವನ್ನು ಯಾವ ಕಾನೂನೂ ಉಳಿಸಲಾರದು.

ಒಳ್ಳೆಯ ಬಟ್ಟೆಯನ್ನು ಕೊಂಡರಷ್ಟೇ ಸಾಲದು, ಅದನ್ನು ಕಾಪಾಡಿಕೊಳ್ಳಬೇಕು. ಮೊದಲ ಒಗೆತದಲ್ಲಿ ಬೇರೆ ಬಟ್ಟೆಗಳೊಡನೆ ಸೇರಿಸದೆ ತಣ್ಣೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿದರೆ ಬಣ್ಣ ಬಹುಕಾಲ ನಿಲ್ಲುತ್ತದೆ. ರೇಷ್ಮೆಯ ಸೆರಗನ್ನು ಆಗಾಗ ಮಡಿಕೆ ಬದಲಿಸಿ ಇಡಬೇಕು. ಇಲ್ಲವಾದರೆ ಮಡಿಕೆಯ ಗೆರೆಯಲ್ಲಿಯೇ ಎಳೆ ಮುರಿಯುತ್ತದೆ.

ಸಂತೆಯಲ್ಲಿ ಪರೀಕ್ಷಿಸಿ ಕೊಂಡ ಆ ಹಿರಿಯಳ ಸೀರೆ ಮೊದಲು ಹಬ್ಬಗಳಲ್ಲಿ ಮೆರೆಯುತ್ತದೆ. ಬಣ್ಣ ತುಸು ಮಾಗಿದ ಮೇಲೆ ನಿತ್ಯದ ಉಡುಗೆಯಾಗುತ್ತದೆ. ಇನ್ನಷ್ಟು ಮೆತ್ತಗಾದಾಗ ಮೊಮ್ಮಗುವಿನ ತೊಟ್ಟಿಲಿಗೆ ಹಾಸಿಗೆಯಾಗುತ್ತದೆ. ಕೊನೆಗೆ ಹಳೆಯ ಸೀರೆಗಳ ತುಂಡುಗಳೊಡನೆ ಸೇರಿ, ಕೌದಿಯಾಗಿ ಹೊಲಿಯಲ್ಪಟ್ಟು, ಚಳಿಗಾಲದ ರಾತ್ರಿಗಳಲ್ಲಿ ಮನೆಮಂದಿಯನ್ನು ಬೆಚ್ಚಗಿಡುತ್ತದೆ. ಅಷ್ಟು ಹೊತ್ತಿಗೆ ಅದನ್ನು ಎಷ್ಟು ರೂಪಾಯಿಗೆ ಕೊಂಡದ್ದೆಂಬುದು ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಆದರೆ ಕೌದಿಯ ನಡುವೆ ಹೊಲಿದ ಕೆಂಪು ಸೆರಗಿನ ತುಂಡನ್ನು ಮುಟ್ಟಿ, ಇದು ಅಜ್ಜಿಯ ಇಳಕಲ್ ಸೀರೆಯೆಂದು ಮೊಮ್ಮಕ್ಕಳು ಗುರುತಿಸುತ್ತಾರೆ.

ಅಭ್ಯಾಸ

1. ಉಡುಗೆಯ ವಿಷಯದಲ್ಲಿ ಜನರಲ್ಲಿರುವ ಎರಡು ತಪ್ಪು ತಿಳಿವಳಿಕೆಗಳು ಯಾವುವು?
2. ಇಳಕಲ್ ಸೀರೆಯ ಒಡಲು ಮತ್ತು ಸೆರಗುಗಳನ್ನು ಹೇಗೆ ಜೋಡಿಸುತ್ತಾರೆ?
3. ‘ಶಾಲೆಯ ಮುಖವನ್ನು ಕಾಣದ ಆಕೆಗೆ ಬಟ್ಟೆಯನ್ನು ಓದಲು ಬರುತ್ತದೆ’ ಈ ಮಾತಿನ ಅರ್ಥವನ್ನು ವಿವರಿಸಿ.
4. ಮಿತವಾದ ಬೆಲೆಗೂ ಕೂಲಿಯನ್ನು ಕಡಿಯುವ ಬೆಲೆಗೂ ಇರುವ ವ್ಯತ್ಯಾಸವೇನು?
5. ನಿಮ್ಮ ಮನೆಯಲ್ಲಿರುವ ಹಳೆಯ ಬಟ್ಟೆಯೊಂದನ್ನು ಪರೀಕ್ಷಿಸಿ, ಅದರ ನೇಯ್ಗೆ, ದಡಿ, ಬಣ್ಣಗಳನ್ನು ಕುರಿತು ಹತ್ತು ವಾಕ್ಯಗಳಲ್ಲಿ ಬರೆಯಿರಿ.