ಮೂವತ್ತರ ಮೇಲೆ ನರ್ಸಿಂಗ್ ಓದು: ನಿಯಮ ಏನು ಕೇಳುತ್ತದೆ, ಏನು ಕೇಳುವುದಿಲ್ಲ

ಮದುವೆ, ಮಕ್ಕಳು ಎಲ್ಲ ಆದ ಮೇಲೆ, ಇಲ್ಲವೇ ಗಾರ್ಮೆಂಟ್ಸ್‌ನಲ್ಲೋ ಅಂಗಡಿಯಲ್ಲೋ ಹತ್ತಾರು ವರ್ಷ ದುಡಿದ ಮೇಲೆ ನರ್ಸಿಂಗ್ ಓದಲು ಹೊರಟವರಿಗೆ ಮೊದಲು ಎದುರಾಗುವುದು ಬಾಯಿಮಾತಿನ ಕಾನೂನು. ‘ಓದಿನಲ್ಲಿ ಗ್ಯಾಪ್ ಇದ್ದರೆ ಸೀಟಿಲ್ಲ’, ‘ಗಂಡನ ಒಪ್ಪಿಗೆ ಪತ್ರ ತನ್ನಿ’, ‘ಮದುವೆಯಾದವರನ್ನು ತೆಗೆದುಕೊಳ್ಳುವುದಿಲ್ಲ’ ಎನ್ನುವುದೆಲ್ಲ ಕಾಲೇಜಿನ ಕೌಂಟರಿನಲ್ಲಿ ಹುಟ್ಟಿ ಅಲ್ಲೇ ಬದುಕುವ ಷರತ್ತುಗಳು. ಭಾರತೀಯ ನರ್ಸಿಂಗ್ ಪರಿಷತ್ತು ಬರೆದಿಟ್ಟಿರುವ ಅರ್ಹತೆಯ ನಿಯಮ ಬಹಳ ಚಿಕ್ಕದು: ವಯಸ್ಸು, ಹಿಂದಿನ ಓದು, ದೈಹಿಕ ಆರೋಗ್ಯ. ಈ ಮೂರನ್ನು ಸರಿಯಾಗಿ ತಿಳಿದವರು ಕೌಂಟರಿನ ಮಾತಿಗೆ ಹೆದರಬೇಕಿಲ್ಲ. ಆದರೆ ಈ ಮೂರರಲ್ಲಿ ಒಂದು ತಪ್ಪಿದರೂ ಯಾರ ಶಿಫಾರಸೂ ಉಳಿಸುವುದಿಲ್ಲ. ಹಾಗಾಗಿ ಹಣ ಹೊಂದಿಸುವ ಮೊದಲು ನಿಯಮ ಓದಬೇಕು.

ಎರಡು ವರ್ಷದ ಎಎನ್‌ಎಂ ಮಹಿಳೆಯರಿಗಾಗಿ ಇರುವ ಕೋರ್ಸು. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಸೇರಬಹುದು. ಮೂರು ವರ್ಷದ ಜಿಎನ್‌ಎಂಗೆ ಪಿಯುಸಿಯಲ್ಲಿ ಇಂಗ್ಲಿಷ್ ಇರಬೇಕು, ಒಟ್ಟಾರೆ ಶೇ 40 ಅಂಕ ಬೇಕು, ವಿಜ್ಞಾನವೇ ಆಗಬೇಕೆಂದಿಲ್ಲ. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು, ಇವುಗಳಲ್ಲಿ ಒಟ್ಟು ಶೇ 45 ಅಂಕ ಬೇಕು, ಇಂಗ್ಲಿಷ್ ಪಾಸಾಗಿರಬೇಕು; ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40 ಸಾಕು. ಮೂರಕ್ಕೂ ಕನಿಷ್ಠ ವಯಸ್ಸು 17, ಗರಿಷ್ಠ 35. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ದಾರಿ ತೆರೆದಿದೆ. ಅಲ್ಲಿ ಗರಿಷ್ಠ ವಯಸ್ಸಿನ ಮಿತಿಯಿಲ್ಲ, ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಯುತ್ತದೆ, ಅದರ ಹನ್ನೆರಡನೇ ತರಗತಿಯ ಪ್ರಮಾಣಪತ್ರವನ್ನು ನರ್ಸಿಂಗ್ ಪರಿಷತ್ತು ಒಪ್ಪುತ್ತದೆ. ಬಹಳ ಜನ ಎಡವುವುದು ವಿಷಯ ಆರಿಸುವಾಗ. ಸುಲಭವೆಂದು ಇಂಗ್ಲಿಷ್ ಬಿಟ್ಟು ಬೇರೆ ವಿಷಯ ತೆಗೆದುಕೊಂಡರೆ ಪಾಸಾದ ಮೇಲೂ ಜಿಎನ್‌ಎಂ ಸಿಗುವುದಿಲ್ಲ. ವಿಜ್ಞಾನದ ಮೂರು ವಿಷಯ ಬಿಟ್ಟರೆ ಬಿಎಸ್ಸಿ ಸಿಗುವುದಿಲ್ಲ. ಯಾವ ಕೋರ್ಸು ಎಂಬುದನ್ನು ಎನ್‌ಐಒಎಸ್ ಅರ್ಜಿ ತುಂಬುವ ದಿನವೇ ತೀರ್ಮಾನಿಸಿರಬೇಕು.

ಇನ್ನು ಮದುವೆಯ ಮಾತು. ಅರ್ಹತೆಯ ನಿಯಮದಲ್ಲಿ ವೈವಾಹಿಕ ಸ್ಥಿತಿಯ ಪ್ರಸ್ತಾಪವೇ ಇಲ್ಲ. ಓದು ನಿಂತು ಎಷ್ಟು ವರ್ಷವಾಯಿತು ಎಂದೂ ಅದು ಕೇಳುವುದಿಲ್ಲ. ಹದಿನೆಂಟು ದಾಟಿದ ಹೆಣ್ಣುಮಗಳ ದಾಖಲಾತಿಗೆ ಗಂಡನ ಸಹಿ ಬೇಕೆನ್ನಲು ಕಾನೂನಿನ ಆಧಾರವಿಲ್ಲ. ‘ಖಾಸಗಿ ಕಾಲೇಜು, ಅವರಿಗೆ ಬೇಕಾದ ಷರತ್ತು ಹಾಕಿಕೊಳ್ಳುತ್ತಾರೆ’ ಎಂಬ ಆಕ್ಷೇಪಣೆ ಬರಬಹುದು. ಶಿಸ್ತು, ಸಮವಸ್ತ್ರ, ಹಾಜರಾತಿಯ ಮಟ್ಟಿಗೆ ಆ ಮಾತು ಸರಿ. ಅರ್ಹತೆಯನ್ನು ಮಾತ್ರ ಅವರು ನಿರ್ಧರಿಸಿಲ್ಲ. ಮಾನ್ಯತೆ ಪಡೆದಿರುವುದೇ ಪರಿಷತ್ತಿನ ನಿಯಮಕ್ಕೆ ಬದ್ಧರಾಗಿ. ಮದುವೆಯ ಕಾರಣಕ್ಕೆ ಹೆಣ್ಣನ್ನು ಹೊರಗಿಡುವುದನ್ನು ನ್ಯಾಯಾಲಯ ಹೇಗೆ ನೋಡುತ್ತದೆ ಎಂಬುದಕ್ಕೆ ಇದೇ ವೃತ್ತಿಯ ನಿದರ್ಶನವೊಂದಿದೆ. ಮದುವೆಯಾದರೆಂದು 1988ರಲ್ಲಿ ಮಿಲಿಟರಿ ನರ್ಸಿಂಗ್ ಸೇವೆಯಿಂದ ಬಿಡುಗಡೆಗೊಂಡ ಅಧಿಕಾರಿಯೊಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಅಂಥ ನಿಯಮವನ್ನು ಲಿಂಗ ತಾರತಮ್ಯವೆಂದೇ ಕರೆಯಿತು. ಅದು ನೌಕರಿಯ ಪ್ರಕರಣ, ಸರ್ಕಾರದ ವಿರುದ್ಧ ನಡೆದದ್ದು, ನಿಜ. ಆದರೂ ಕಾಲೇಜಿನ ಬಾಯಿಮಾತಿನ ಷರತ್ತು ಪ್ರಶ್ನಿಸುವವರ ಕೈಯಲ್ಲಿ ಇದು ಗಟ್ಟಿಯಾದ ಆಧಾರ. ಮದುವೆಯಾದವರು ನಿಜವಾಗಿ ಎಚ್ಚರ ವಹಿಸಬೇಕಾದದ್ದು ಹೆಸರಿನ ವಿಷಯದಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು ಇದ್ದರೆ ಮುಂದೆ ನೋಂದಣಿಯ ಹೊತ್ತಿಗೆ ತೊಡಕಾಗುತ್ತದೆ. ಎಲ್ಲ ದಾಖಲೆಯನ್ನೂ ಎಸ್ಸೆಸ್ಸೆಲ್ಸಿಯ ಹೆಸರಿಗೆ ಹೊಂದಿಸಿಕೊಳ್ಳುವುದು ಸುಲಭದ ದಾರಿ.

ವಯಸ್ಕರನ್ನು ಹೆಚ್ಚು ಸುಲಿಯುವುದು ಅವರ ಅವಸರ. ‘ಆರು ತಿಂಗಳಲ್ಲಿ ನರ್ಸ್’, ‘ಮನೆಯಲ್ಲೇ ಕುಳಿತು ನರ್ಸಿಂಗ್ ಡಿಪ್ಲೊಮಾ’ ಎಂಬ ಫಲಕಗಳು ಅವರಿಗೆಂದೇ ಇರುವಂಥವು. ಸಹಾಯಕಿಯಾಗಿ ದುಡಿಯಲು ಅಂಥ ತರಬೇತಿ ಉಪಯೋಗಕ್ಕೆ ಬರಬಹುದು, ಅದನ್ನು ಕೀಳಾಗಿ ನೋಡಬೇಕಿಲ್ಲ. ಆದರೆ ಅದರಿಂದ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗುವುದಿಲ್ಲ, ನೋಂದಣಿ ಇಲ್ಲದವರು ಕಾನೂನಿನ ಕಣ್ಣಲ್ಲಿ ನರ್ಸ್ ಅಲ್ಲ. ಆದ್ದರಿಂದ ಕಾಲೇಜಿಗೆ ಕಾಲಿಡುವ ಮೊದಲೇ ಮಾನ್ಯತೆ ನೋಡಬೇಕು: ಬಿಎಸ್ಸಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ, ಯಾವ ಕೋರ್ಸಾದರೂ ರಾಜ್ಯ ಪರಿಷತ್ತಿನ ಮಾನ್ಯತೆ. ಭಾರತೀಯ ಪರಿಷತ್ತಿನ ಮಾನ್ಯತೆಯೂ ಬೇಕೇ ಎಂಬ ವಾದ ನಮ್ಮಲ್ಲಿ ಹೈಕೋರ್ಟ್ ಮೆಟ್ಟಿಲೇರಿತ್ತು; ಕೇರಳದಲ್ಲೋ ವಿದೇಶದಲ್ಲೋ ಕೆಲಸ ಹುಡುಕುವವರು ಅದನ್ನೂ ನೋಡಿಕೊಳ್ಳುವುದೇ ಕ್ಷೇಮ. ಶುಲ್ಕದ ಹೊರಗೆ ‘ಡೊನೇಶನ್’ ಕೇಳುವುದು 1984ರ ಕರ್ನಾಟಕದ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯಡಿ ಅಪರಾಧ. ರಸೀದಿ ಕೊಡದ ಜಾಗದಲ್ಲಿ ಹಣ ಕೊಡಬಾರದು.

ಸೀಟು ನಿರಾಕರಿಸಿದರೆ ಜಗಳಕ್ಕಿಂತ ಕಾಗದ ಹೆಚ್ಚು ಕೆಲಸ ಮಾಡುತ್ತದೆ. ಅರ್ಜಿ ಕೊಟ್ಟು ಸ್ವೀಕೃತಿ ಪಡೆದು, ಯಾವ ನಿಯಮದಡಿ ನಿರಾಕರಿಸಿದ್ದೀರಿ ಎಂದು ಹಿಂಬರಹ ಕೇಳಿ. ಎಷ್ಟೋ ಷರತ್ತು ಅಲ್ಲಿಗೇ ಕರಗುತ್ತವೆ, ಬರೆದು ಕೊಡಲು ಯಾರೂ ಮುಂದಾಗುವುದಿಲ್ಲ. ಪರಿಷತ್ತು, ವಿಶ್ವವಿದ್ಯಾಲಯಗಳಿಗೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬದವರಿಗೆ ಶುಲ್ಕವೂ ಇಲ್ಲ. ಅಷ್ಟಕ್ಕೂ ಆಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ, ಸಹಾಯವಾಣಿ 15100.

ಉಳಿಯುವುದು 35ರ ಮಿತಿ. ಇದು ಬರೆದ ನಿಯಮವಾದ್ದರಿಂದ ಹಿಂಬರಹಕ್ಕೆ ಕರಗುವುದಿಲ್ಲ. ರಾತ್ರಿ ಪಾಳಿ, ರೋಗಿಯನ್ನು ಎತ್ತಿ ಇಳಿಸುವ ದುಡಿಮೆ, ತರಬೇತಿಗೆ ತಕ್ಕಷ್ಟು ವರ್ಷ ಸೇವೆ ಸಿಗಬೇಕು ಎಂಬುದು ಇದರ ಪರ ವಾದ. ದೇಹಬಲದ ಪ್ರಶ್ನೆಗೆ ವೈದ್ಯಕೀಯ ತಪಾಸಣೆ ಹೇಗೂ ಇದೆ. ಸೇವೆಯ ವರ್ಷಗಳೇ ಮುಖ್ಯವಾಗಿದ್ದರೆ ಹೆಚ್ಚು ವರ್ಷ ಓದಬೇಕಾದ ವೈದ್ಯಕೀಯ ಕೋರ್ಸಿಗೆ ಈ ಮಿತಿ ಇನ್ನೂ ಬಿಗಿಯಾಗಿರಬೇಕಿತ್ತು; ಆದರೆ ನೀಟ್ ಪರೀಕ್ಷೆಯ ಗರಿಷ್ಠ ವಯೋಮಿತಿಯನ್ನು 2022ರಲ್ಲೇ ತೆಗೆದುಹಾಕಲಾಯಿತು. ನಲವತ್ತರಲ್ಲಿ ಡಾಕ್ಟರ್ ಆಗಲು ಹೊರಡಬಹುದು, ನರ್ಸ್ ಆಗಲು ಹೊರಡುವಂತಿಲ್ಲ ಎಂಬುದಕ್ಕೆ ಒಪ್ಪುವಂಥ ಕಾರಣ ಕಾಣುವುದಿಲ್ಲ. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ. ಈ ಮಿತಿಯನ್ನು ಮರುಪರಿಶೀಲಿಸಿ ಎಂದು ಕೇಳಲು ಅದೇ ತಕ್ಕ ವೇದಿಕೆ. ಸದ್ಯಕ್ಕೆ ನಿಯಮದೊಳಗೇ ಒಂದು ಕಿಟಕಿಯಿದೆ: ಎಎನ್‌ಎಂ ಆಗಿ ನೋಂದಾಯಿಸಿಕೊಂಡವರಿಗೆ ಜಿಎನ್‌ಎಂ ಸೇರಲು ವಯಸ್ಸಿನ ಅಡ್ಡಿಯಿಲ್ಲ, ಜಿಎನ್‌ಎಂ ಮುಗಿಸಿ ನೋಂದಾಯಿಸಿಕೊಂಡವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿಗೆ ಹೋಗಬಹುದು. ಆದ್ದರಿಂದ ಮೂವತ್ತನಾಲ್ಕರ ಹೆಣ್ಣುಮಗಳು ಮುಂದಿನ ವರ್ಷ ಜಿಎನ್‌ಎಂ ಸಿಕ್ಕೀತು ಎಂದು ಕಾಯುವ ಬದಲು ಈ ವರ್ಷವೇ ಎಎನ್‌ಎಂ ಸೇರುವುದು ಮೇಲು.