ಮಂಗಳ ಗ್ರಹದಲ್ಲೊಂದು ದುರಸ್ತಿ

ಕೈಗೆಟುಕುವ ಯಂತ್ರವು ಕೆಟ್ಟರೆ ಅದನ್ನು ಬಿಚ್ಚಿ ನೋಡಬಹುದು. ತಿರುಪು ಸಡಿಲವಾಗಿದ್ದರೆ ಬಿಗಿ ಮಾಡಬಹುದು. ಸವೆದ ಭಾಗವಿದ್ದರೆ ಬದಲಾಯಿಸಬಹುದು. ಆದರೆ ಕೆಟ್ಟುಹೋದ ಯಂತ್ರವು ಹತ್ತಿರ ಹತ್ತಿರ 20 ಕೋಟಿ ಕಿಲೋಮೀಟರುಗಳ ಆಚೆ, ಮನುಷ್ಯನು ಇನ್ನೂ ಕಾಲಿರಿಸದ ಗ್ರಹವೊಂದರ ಮೇಲೆ ನಿಂತಿದ್ದರೆ ಮಾಡುವುದೇನು? ಅಲ್ಲಿಗೆ ತಲುಪಬಲ್ಲುದು ರೇಡಿಯೋ ಅಲೆಯೊಂದೇ. ರೋಗಿಯನ್ನು ಮುಟ್ಟದೆ, ನೋಡದೆ, ಅವನ ಕ್ಷೀಣವಾದ ದನಿಯನ್ನು ಮಾತ್ರ ಕೇಳಿ ರೋಗವನ್ನು ಗುರುತಿಸಬೇಕಾದ ವೈದ್ಯನ ಸ್ಥಿತಿ ಅದು. 2004ರ ಜನವರಿಯಲ್ಲಿ ಅಮೆರಿಕದ ಎಂಜಿನಿಯರುಗಳಿಗೆ ಇಂತಹ ಪರೀಕ್ಷೆಯೊಂದು ಒದಗಿ ಬಂದಿತು.

'ಸ್ಪಿರಿಟ್' ಎಂಬುದು ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ಕಳುಹಿಸಿದ ಆರು ಚಕ್ರಗಳ ಸಂಚಾರಿ ವಾಹನ. 2003ರ ಜೂನ್ 10ರಂದು ಭೂಮಿಯಿಂದ ಹೊರಟ ಅದು ಸುಮಾರು ಏಳು ತಿಂಗಳು ಪ್ರಯಾಣ ಮಾಡಿ, 2004ರ ಜನವರಿ 4ರಂದು ಮಂಗಳ ಗ್ರಹದ ಗುಸೆವ್ ಎಂಬ ವಿಶಾಲವಾದ ಕುಳಿಯಲ್ಲಿ ಇಳಿಯಿತು. ಹಿಂದೊಮ್ಮೆ ಅಲ್ಲಿ ನೀರಿದ್ದಿತೇ ಎಂಬುದನ್ನು ಶಿಲೆಗಳ ಪರೀಕ್ಷೆಯಿಂದ ತಿಳಿಯುವುದು ಅದರ ಮುಖ್ಯ ಕಾರ್ಯವಾಗಿತ್ತು. ಕ್ಯಾಲಿಫೋರ್ನಿಯಾದ ಪಾಸಡೀನದಲ್ಲಿರುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರುಗಳು ಪ್ರತಿದಿನವೂ ಅದಕ್ಕೆ ಅಂದಂದಿನ ಕೆಲಸವನ್ನು ತಿಳಿಸುತ್ತಿದ್ದರು. ವಾಹನದೊಳಗಿದ್ದ ಗಣಕಯಂತ್ರವು ಆ ಆಜ್ಞೆಗಳನ್ನು ನಡೆಸಿ, ಚಿತ್ರಗಳನ್ನೂ ಅಳತೆಗಳನ್ನೂ ಭೂಮಿಗೆ ಕಳುಹಿಸುತ್ತಿತ್ತು.

ಜನವರಿ 21ರಂದು ಸ್ಪಿರಿಟ್ 'ಅಡಿರಾಂಡಾಕ್' ಎಂದು ಹೆಸರಿಟ್ಟಿದ್ದ ಬಂಡೆಯೊಂದನ್ನು ಪರೀಕ್ಷಿಸಬೇಕಾಗಿತ್ತು. ಆದರೆ ಅಂದು ಅದರಿಂದ ಬರಬೇಕಾಗಿದ್ದ ವರದಿ ಬರಲಿಲ್ಲ. ಆಜ್ಞೆಗಳನ್ನು ಕಳುಹಿಸುತ್ತಿದ್ದ ಆಸ್ಟ್ರೇಲಿಯದ ಕ್ಯಾನ್‌ಬೆರಾ ನಿಲ್ದಾಣದ ಬಳಿ ಗುಡುಗುಮಳೆಯಾಗುತ್ತಿದ್ದುದರಿಂದ, ಮೊದಲಿಗೆ ಮಳೆಯೇ ಕಾರಣವೆಂದು ಭಾವಿಸಲಾಯಿತು. ಮಳೆ ನಿಂತ ಮೇಲೂ ಮೌನ ಮುಗಿಯಲಿಲ್ಲ. ಆಗಾಗ ಒಂದು ಕ್ಷೀಣ ಸ್ವರ, ಕೆಲವೊಮ್ಮೆ ಅರ್ಥವಿಲ್ಲದ ಅಂಕಿಗಳ ಸರಣಿ, ಇಷ್ಟೇ ಬಂದವು. ರೇಡಿಯೋ ಕೆಟ್ಟಿತೇ? ವಿದ್ಯುತ್ತು ಸಾಲದೇ? ಅಥವಾ ಗಣಕಯಂತ್ರಕ್ಕೇ ಏನಾದರೂ ಆಯಿತೇ? ಊಹೆಗಳು ಹಲವಿದ್ದವು, ನಿಶ್ಚಯವಾವುದೂ ಇರಲಿಲ್ಲ. ಸ್ಪಿರಿಟ್‌ನ ತದ್ರೂಪವಾದ 'ಆಪರ್ಚ್ಯುನಿಟಿ' ಎಂಬ ಮತ್ತೊಂದು ವಾಹನವು ಇನ್ನು ನಾಲ್ಕೇ ದಿನಗಳಲ್ಲಿ ಮಂಗಳದ ಮತ್ತೊಂದು ಪಾರ್ಶ್ವದಲ್ಲಿ ಇಳಿಯುವುದರಲ್ಲಿತ್ತು. ಎರಡರಲ್ಲಿಯೂ ಇದ್ದುದು ಒಂದೇ ಬಗೆಯ ಗಣಕಯಂತ್ರ, ಒಂದೇ ತಂತ್ರಾಂಶ. ಒಂದಕ್ಕೆ ಬಂದ ಆಪತ್ತು ಇನ್ನೊಂದಕ್ಕೂ ಕಾದಿರಬಹುದಾಗಿತ್ತು.

ಈ ರೋಗದ ಸ್ವರೂಪವನ್ನು ಅರಿಯಬೇಕಾದರೆ ಗಣಕಯಂತ್ರವು ವಿಷಯಗಳನ್ನು ನೆನಪಿಡುವ ಬಗೆಯನ್ನು ನಾವು ತಿಳಿಯಬೇಕು. ಸ್ಪಿರಿಟ್‌ನಲ್ಲಿ ಎರಡು ಬಗೆಯ ಸ್ಮೃತಿಕೋಶಗಳಿದ್ದವು. ವಿದ್ಯುತ್ತು ನಿಂತರೂ ಬರೆದುದನ್ನು ಉಳಿಸಿಕೊಳ್ಳುವ ಫ್ಲ್ಯಾಶ್ ಸ್ಮೃತಿ ಒಂದು. ಅದರ ಪ್ರಮಾಣ 256 ಮೆಗಾಬೈಟ್. ವಿದ್ಯುತ್ತು ನಿಂತೊಡನೆ ಎಲ್ಲವನ್ನೂ ಮರೆಯುವ ಕಾರ್ಯಸ್ಮೃತಿ ಇನ್ನೊಂದು. ಅದರ ಪ್ರಮಾಣ 128 ಮೆಗಾಬೈಟ್. ಚಿತ್ರಗಳು, ಅಳತೆಗಳು ಮುಂತಾದವುಗಳನ್ನು ಫ್ಲ್ಯಾಶ್ ಸ್ಮೃತಿಯಲ್ಲಿ ಪ್ರತ್ಯೇಕ ಕಡತಗಳಾಗಿ ಇಡಲಾಗುತ್ತಿತ್ತು. ಯಾವ ಕಡತದ ಹೆಸರೇನು, ಅದು ಎಲ್ಲಿದೆ, ಎಷ್ಟು ದೊಡ್ಡದು ಎಂಬುದನ್ನು ತಿಳಿಸುವ ಸೂಚಿಯೂ ಅಲ್ಲಿಯೇ ಇರುತ್ತಿತ್ತು. ಕಡತಗಳು, ಅವುಗಳ ಸೂಚಿ ಹಾಗೂ ಅವನ್ನು ನಿರ್ವಹಿಸುವ ನಿಯಮಗಳು, ಇವೆಲ್ಲವೂ ಸೇರಿ ಕಡತ ವ್ಯವಸ್ಥೆ ಎನಿಸುತ್ತದೆ. ಗ್ರಂಥಾಲಯದಲ್ಲಿ ಪುಸ್ತಕಗಳಿಗೂ ಪುಸ್ತಕಗಳ ಪಟ್ಟಿಗೂ ಇರುವ ಸಂಬಂಧವೇ ಇಲ್ಲಿಯೂ ಇದೆ. ಪಟ್ಟಿ ಕೆಟ್ಟರೆ ಪುಸ್ತಕಗಳು ಸುರಕ್ಷಿತವಾಗಿದ್ದರೂ ಇಲ್ಲದಂತೆಯೇ ಸರಿ.

ಜನವರಿ 23ರಂದು ಸ್ಪಿರಿಟ್ ಕಡೆಗೂ ಮಾತನಾಡಿತು. ಮೊದಲ ಹತ್ತು ನಿಮಿಷ ಸೆಕೆಂಡಿಗೆ ಕೇವಲ 10 ಬಿಟ್‌ಗಳಂತೆ, ಅನಂತರ ಇಪ್ಪತ್ತು ನಿಮಿಷ ಸೆಕೆಂಡಿಗೆ 120 ಬಿಟ್‌ಗಳಂತೆ ಮಾಹಿತಿ ಬಂದಿತು. ಅದರಿಂದ ತಿಳಿದ ಸಂಗತಿ ಗಾಬರಿ ಹುಟ್ಟಿಸುವಂತಹುದು. ಗಣಕಯಂತ್ರವು ತನ್ನನ್ನು ತಾನೇ ಮತ್ತೆ ಮತ್ತೆ ನಿಲ್ಲಿಸಿ, ಮತ್ತೆ ಮತ್ತೆ ಆರಂಭಿಸಿಕೊಳ್ಳುತ್ತಿತ್ತು. ಹೀಗೆ ಅರವತ್ತಕ್ಕೂ ಹೆಚ್ಚು ಸಲ ನಡೆದಿತ್ತು. ರಾತ್ರಿಯ ಹೊತ್ತು ನಿದ್ರಿಸಿ ವಿದ್ಯುತ್ತನ್ನು ಉಳಿಸಬೇಕಾಗಿದ್ದ ವಾಹನವು ಎಚ್ಚರವಾಗಿಯೇ ಇದ್ದು ಬ್ಯಾಟರಿಯನ್ನು ಬರಿದು ಮಾಡಿಕೊಳ್ಳುತ್ತಿತ್ತು. ಇದು ಹೀಗೆಯೇ ಮುಂದುವರಿದರೆ ಸ್ಪಿರಿಟ್ ಉಳಿಯುವಂತಿರಲಿಲ್ಲ.

ಎಂಜಿನಿಯರುಗಳು ಆತುರಪಡಲಿಲ್ಲ. ಯಂತ್ರವು ಪ್ರತಿಸಲವೂ ಆರಂಭವಾಗುತ್ತದೆಯೆಂದರೆ ಅದು ಪೂರ್ತಿ ಸತ್ತಿಲ್ಲ; ಪ್ರತಿಸಲವೂ ನಿಲ್ಲುತ್ತದೆಯೆಂದರೆ ಆರಂಭದ ಯಾವುದೋ ಒಂದು ಹೆಜ್ಜೆಯಲ್ಲಿ ಎಡವುತ್ತಿದೆ. ಹಾಗಾದರೆ ಆ ಹೆಜ್ಜೆ ಯಾವುದು? ಫ್ಲ್ಯಾಶ್ ಸ್ಮೃತಿಯ ಕಡತ ವ್ಯವಸ್ಥೆಯನ್ನು ತೆರೆಯುವ ಹೆಜ್ಜೆಯ ಮೇಲೆ ಅವರ ಸಂದೇಹ ಹೋಯಿತು. ಸಂದೇಹವನ್ನು ಪರೀಕ್ಷಿಸುವ ಮಾರ್ಗವೂ ಇದ್ದಿತು. ಫ್ಲ್ಯಾಶ್ ಸ್ಮೃತಿಯನ್ನು ಮುಟ್ಟದೆ, ಕಾರ್ಯಸ್ಮೃತಿಯೊಂದನ್ನೇ ಬಳಸಿ ಆರಂಭವಾಗುವಂತೆ ಗಣಕಯಂತ್ರಕ್ಕೆ ಆಜ್ಞಾಪಿಸುವ ಉಪಾಯವನ್ನು ಮೊದಲೇ ಕಲ್ಪಿಸಿಡಲಾಗಿತ್ತು. ಜನವರಿ 24ರಂದು ಆ ಆಜ್ಞೆ ಹೊರಟಿತು. ಅದು ಮಂಗಳವನ್ನು ಮುಟ್ಟಲು ಹತ್ತು ನಿಮಿಷಕ್ಕೂ ಹೆಚ್ಚು, ಉತ್ತರ ಮರಳಲು ಮತ್ತೆ ಅಷ್ಟೇ ಕಾಲ ಬೇಕಾಗಿತ್ತು. ಉತ್ತರ ಬಂದಿತು. ಸ್ಪಿರಿಟ್ ಆರಂಭವಾಗಿ, ನಿಲ್ಲದೆ, ಹೇಳಿದಂತೆ ಕೇಳತೊಡಗಿತು. ರೇಡಿಯೋ ಸರಿಯಾಗಿದೆ, ವಿದ್ಯುತ್ ವ್ಯವಸ್ಥೆ ಸರಿಯಾಗಿದೆ, ದೋಷವಿರುವುದು ಫ್ಲ್ಯಾಶ್ ಸ್ಮೃತಿಯ ಕಡೆ ಎಂಬುದು ಒಂದೇ ಪ್ರಯೋಗದಿಂದ ಸ್ಪಷ್ಟವಾಯಿತು. ಮಾರನೆಯ ದಿನ, ಜನವರಿ 25ರಂದು, ಆಪರ್ಚ್ಯುನಿಟಿಯೂ ಸುರಕ್ಷಿತವಾಗಿ ಇಳಿಯಿತು.

ಆದರೆ ಆ ಸ್ಮೃತಿಯಲ್ಲಿ ಕೆಟ್ಟುದೇನು? ವಿಚಾರಿಸಿ ನೋಡಲಾಗಿ ಯಾವ ಭಾಗವೂ ಮುರಿದಿರಲಿಲ್ಲ, ಸುಟ್ಟಿರಲಿಲ್ಲ. ಮತ್ತೆ ಗ್ರಂಥಾಲಯದ ಉದಾಹರಣೆಯನ್ನೇ ನೋಡೋಣ. ಒಬ್ಬ ಗ್ರಂಥಪಾಲಕನು ಪುಸ್ತಕವೊಂದನ್ನು ತೆಗೆದುಹಾಕಿದಾಗ ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಗೆರೆ ಎಳೆಯುತ್ತಾನೆ. ಆ ಸಾಲು ಮಾತ್ರ ಪಟ್ಟಿಯಲ್ಲಿ ಉಳಿದೇ ಇರುತ್ತದೆ. ಪ್ರತಿದಿನವೂ ಬಾಗಿಲು ತೆರೆಯುವ ಮುನ್ನ ಅವನು ಇಡೀ ಪಟ್ಟಿಯನ್ನು, ಗೆರೆ ಎಳೆದ ಸಾಲುಗಳ ಸಮೇತ, ಒಂದು ಹಲಗೆಯ ಮೇಲೆ ನಕಲು ಮಾಡಬೇಕೆಂಬ ನಿಯಮವಿದೆ. ಪಟ್ಟಿ ಬೆಳೆಯುತ್ತ ಹೋಗುತ್ತದೆ, ಹಲಗೆ ಬೆಳೆಯುವುದಿಲ್ಲ. ಒಂದು ದಿನ ಪಟ್ಟಿ ಹಲಗೆಯಲ್ಲಿ ಹಿಡಿಸುವುದಿಲ್ಲ. ಆಗ ಅವನು ಎಲ್ಲವನ್ನೂ ಒರೆಸಿ ಮೊದಲಿನಿಂದ ಬರೆಯತೊಡಗುತ್ತಾನೆ. ಹಲಗೆ ಮತ್ತೆ ತುಂಬುತ್ತದೆ, ಮತ್ತೆ ಒರೆಸುತ್ತಾನೆ. ಬಾಗಿಲು ತೆರೆಯುವುದೇ ಇಲ್ಲ.

ಸ್ಪಿರಿಟ್‌ಗೆ ಒದಗಿದುದು ಇದೇ ಗತಿ. ಏಳು ತಿಂಗಳ ಪ್ರಯಾಣದಲ್ಲಿಯೂ ಮಂಗಳದ ಮೇಲಿನ ಹದಿನೆಂಟು ದಿನಗಳಲ್ಲಿಯೂ ಸಾವಿರಾರು ಕಡತಗಳು ಸೃಷ್ಟಿಯಾಗಿದ್ದವು. ಅಳಿಸಿದ ಕಡತಗಳ ಸಾಲುಗಳೂ ಸೂಚಿಯಲ್ಲಿ ಜಾಗ ಹಿಡಿದಿದ್ದವು. ಸೂಚಿಯ ನಕಲಿಗೆಂದು ಕಾರ್ಯಸ್ಮೃತಿಯಲ್ಲಿ ಮೀಸಲಿಟ್ಟಿದ್ದ ಸ್ಥಳ ಸಾಲದೆ ಹೋಯಿತು. ಇದನ್ನು ಮಾರಕ ದೋಷವೆಂದು ತಿಳಿದ ತಂತ್ರಾಂಶವು ಗಣಕಯಂತ್ರವನ್ನು ಹೊಸದಾಗಿ ಆರಂಭಿಸಿತು. ಆರಂಭದಲ್ಲಿ ಮತ್ತೆ ಅದೇ ಸೂಚಿ, ಮತ್ತೆ ಅದೇ ಕೊರತೆ. ಭೂಮಿಯ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಇಷ್ಟೊಂದು ಕಡತಗಳು ಸೇರುವಷ್ಟು ಕಾಲ ಯಂತ್ರವನ್ನು ಎಡೆಬಿಡದೆ ಓಡಿಸಿರಲಿಲ್ಲವಾದುದರಿಂದ ಈ ದೋಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ದೋಷ ತಿಳಿದ ಮೇಲೆ ದುರಸ್ತಿ ಸುಲಭವೆಂದು ತೋರಬಹುದು: ಎಲ್ಲವನ್ನೂ ಒಮ್ಮೆಗೇ ಅಳಿಸಿಬಿಟ್ಟರಾಯಿತು! ಎಂಜಿನಿಯರುಗಳು ಹಾಗೆ ಮಾಡಲಿಲ್ಲ. ಅಳಿಸಿದುದು ಮರಳಿ ಬಾರದು. ಅದರೊಡನೆ ವಿಜ್ಞಾನದ ಅಮೂಲ್ಯ ಮಾಹಿತಿಯೂ, ದೋಷದ ಸಾಕ್ಷ್ಯವೂ ನಾಶವಾಗುತ್ತಿದ್ದವು. ಅವರು ಮೊದಲು ಫ್ಲ್ಯಾಶ್ ಸ್ಮೃತಿಯಲ್ಲಿದ್ದ ಮಾಹಿತಿಯನ್ನು ಎಚ್ಚರಿಕೆಯಿಂದ ಓದಿ ಭೂಮಿಗೆ ತರಿಸಿಕೊಂಡರು. ಬಳಿಕ ಪ್ರಯಾಣ ಕಾಲದ ಹಳೆಯ ಕಡತಗಳನ್ನು ಅಳಿಸಿದರು. ಕಡೆಗೆ, ಫೆಬ್ರವರಿಯ ಮೊದಲ ವಾರದಲ್ಲಿ, ಆ ಸ್ಮೃತಿಯನ್ನು ಪೂರ್ತಿಯಾಗಿ ಒರೆಸಿ ಹೊಸ ಸೂಚಿಯೊಡನೆ ಅಣಿಗೊಳಿಸಿದರು. ಇದನ್ನೇ 'ಫಾರ್ಮ್ಯಾಟ್' ಮಾಡುವುದು ಎನ್ನುತ್ತಾರೆ. ಸ್ಪಿರಿಟ್ ಮೊದಲಿನಂತಾಯಿತು. ಅದು ಅಡಿರಾಂಡಾಕ್ ಬಂಡೆಯ ಮೇಲ್ಪದರವನ್ನು ಉಜ್ಜಿ ಒಳಭಾಗವನ್ನು ಪರೀಕ್ಷಿಸಿತು. ಮಂಗಳದ ಮೇಲೆ ಹೀಗೆ ಉಜ್ಜಿ ನೋಡಲ್ಪಟ್ಟ ಬಂಡೆಗಳಲ್ಲಿ ಅದೇ ಮೊದಲನೆಯದು.

ನಮ್ಮ ಶಾಲೆಯ ಅಥವಾ ಮನೆಯ ಗಣಕಯಂತ್ರದಲ್ಲಿ ಕಡತ ವ್ಯವಸ್ಥೆ ಕೆಟ್ಟಾಗಲೂ ಅನುಸರಿಸಬೇಕಾದ ಕ್ರಮ ಇದೇ. ಬರೆಯುತ್ತಿರುವಾಗಲೇ ವಿದ್ಯುತ್ತು ನಿಂತರೆ ಸೂಚಿಯು ಅರ್ಧಕ್ಕೇ ಉಳಿಯಬಹುದು. ಡಿಸ್ಕಿನ ಯಾವುದೋ ಭಾಗ ಸವೆದಿರಲೂಬಹುದು. ದೋಷದ ಸೂಚನೆ ಕಂಡೊಡನೆ ಆ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯಬಾರದು. ಬರೆದರೆ ಸೂಚಿ ತಪ್ಪಿದ ಹಳೆಯ ಕಡತದ ಮೇಲೆಯೇ ಹೊಸದು ಕೂರಬಹುದು. ಮೊದಲು ಇದ್ದುದನ್ನು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ಅನಂತರ ದೋಷವು ಡಿಸ್ಕಿನದೋ, ಕೇವಲ ಸೂಚಿಯದೋ ಎಂಬುದನ್ನು ನಿರ್ಧರಿಸಬೇಕು. ಡಿಸ್ಕೇ ಸವೆದಿದ್ದರೆ ಅದನ್ನು ಬದಲಾಯಿಸುವುದೇ ಮದ್ದು. ಸೂಚಿಯಷ್ಟೇ ಕೆಟ್ಟಿದ್ದರೆ 'ಚೆಕ್‌ಡಿಸ್ಕ್' ಮುಂತಾದ ತಪಾಸಣಾ ತಂತ್ರಾಂಶಗಳು ಅದನ್ನು ತಿದ್ದಬಲ್ಲವು. ಪೂರ್ತಿಯಾಗಿ ಒರೆಸುವುದು ಕಟ್ಟಕಡೆಯ ಉಪಾಯ, ಅದು ಮೊದಲನೆಯದಾಗಬಾರದು.

ತೊಂಬತ್ತು ದಿನ ದುಡಿದರೆ ಸಾಕೆಂದು ನಿರ್ಮಿಸಿದ ಸ್ಪಿರಿಟ್, ಈ ಗಂಡಾಂತರವನ್ನು ದಾಟಿ ಆರು ವರ್ಷಗಳಿಗೂ ಮಿಗಿಲಾಗಿ ದುಡಿಯಿತು. ಮಂಗಳದ ನೆಲದಲ್ಲಿ ಏಳು ಕಿಲೋಮೀಟರಿಗೂ ಹೆಚ್ಚು ದೂರ ಸಂಚರಿಸಿ, 2010ರ ಮಾರ್ಚ್ 22ರಂದು ತನ್ನ ಕೊನೆಯ ಸಂದೇಶವನ್ನು ಕಳುಹಿಸಿತು. ಮೂರನೆಯ ವಾರದಲ್ಲಿಯೇ ಮುಗಿದುಹೋಗಬಹುದಾಗಿದ್ದ ಆಯುಷ್ಯವದು. ಅದನ್ನು ಉಳಿಸಿದುದು ಪವಾಡವಲ್ಲ. ಕಾರಣ ತಿಳಿಯುವ ತನಕ ಕೈ ತಡೆದ ಸಂಯಮ, ಒಂದೊಂದೇ ಸಂದೇಹವನ್ನು ಪರೀಕ್ಷಿಸಿ ಬಿಟ್ಟುಕೊಟ್ಟ ವಿವೇಕ, ಆಪತ್ತು ಬರುವ ಮುನ್ನವೇ ಬೇರೊಂದು ದಾರಿಯನ್ನು ತೆರೆದಿಟ್ಟಿದ್ದ ಮುಂದಾಲೋಚನೆ, ಇವು ಆ ದೂರದ ಯಂತ್ರಕ್ಕೆ ಮರುಜೀವ ಕೊಟ್ಟವು.

ಅಭ್ಯಾಸ

1. ಸ್ಪಿರಿಟ್ ಮೌನವಾದಾಗ ಎಂಜಿನಿಯರುಗಳಿಗೆ ಮೂಡಿದ ಸಂದೇಹಗಳಾವುವು?
2. ದೋಷವಿರುವುದು ಫ್ಲ್ಯಾಶ್ ಸ್ಮೃತಿಯ ಕಡೆ ಎಂಬುದು ಹೇಗೆ ಸ್ಪಷ್ಟವಾಯಿತು?
3. ಗ್ರಂಥಪಾಲಕನ ಹಲಗೆಯನ್ನು ಗಣಕಯಂತ್ರದ ಯಾವ ಭಾಗಕ್ಕೆ ಹೋಲಿಸಲಾಗಿದೆ? ಏಕೆ?
4. ಫ್ಲ್ಯಾಶ್ ಸ್ಮೃತಿಯನ್ನು ಎಂಜಿನಿಯರುಗಳು ಕೂಡಲೇ ಅಳಿಸಿಬಿಡಲಿಲ್ಲವೇಕೆ?
5. ಕಡತ ವ್ಯವಸ್ಥೆ ಕೆಟ್ಟ ಗಣಕಯಂತ್ರವನ್ನು ಸರಿಪಡಿಸುವಾಗ ಅನುಸರಿಸಬೇಕಾದ ಕ್ರಮವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.