ತೂಕ ಇಳಿಸುವವರು ಬಲವರ್ಧಕ ವ್ಯಾಯಾಮ ಯಾವಾಗ ಆರಂಭಿಸಬೇಕು?

"ಮೊದಲು ತೂಕ ಇಳಿಯಲಿ, ಕಸರತ್ತು ಆಮೇಲೆ" ಎಂದು ಹಲವರು ಹೇಳುವುದುಂಟು. ಇದು ಸರಿಯಲ್ಲ. ಊಟ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ಇಳಿದ 4 ಕಿಲೋದಲ್ಲಿ ಸುಮಾರು 1 ಕಿಲೋ ಕೊಬ್ಬಲ್ಲದ್ದಾಗಿರಬಹುದು. ಐವತ್ತು ದಾಟಿದವರಿಗೆ ಹೀಗೆ ಕಳೆದ ಬಲ ಸುಲಭವಾಗಿ ಮರಳದು; ಕುಕ್ಕರಗಾಲಿನಲ್ಲಿ ಕುಳಿತು ಏಳುವುದೇ ಕಷ್ಟವಾದೀತು.

ಆದ್ದರಿಂದ ಊಟ ಇಳಿಸಿದ ವಾರದಿಂದಲೇ ವ್ಯಾಯಾಮ ಆರಂಭಿಸಿರಿ. ವಾರಕ್ಕೆ ಕನಿಷ್ಠ 2 ದಿನ ಬೈಠಕ್, ಗೋಡೆಗೆ ಕೈಯೂರಿ ದಂಡ, ಅರ್ಧ ತುಂಬಿದ ಕೊಡ ಎತ್ತಿಳಿಸುವುದು, ತಲಾ 10 ಸಲ. ಸುಲಭವೆನಿಸಿದಾಗ ಭಾರ ಹೆಚ್ಚಿಸಬೇಕು. ಉಸಿರು ಬಿಗಿಹಿಡಿಯಬಾರದು. ಮುದ್ದೆ ಚಿಕ್ಕದಾದರೂ ಬೇಳೆ, ಕಾಳು, ಮೊಸರು, ಮೊಟ್ಟೆ ಕಡಿಮೆಯಾಗಕೂಡದು.

ಹೊಲದ ಕೆಲಸ ಸಾಲದೇ? ಉಳುಮೆಯೆಲ್ಲ ಟ್ರ್ಯಾಕ್ಟರಿನ ಪಾಲಾದ ಮನೆಗಳಲ್ಲಿ ಸಾಲದು.

ಹೃದ್ರೋಗ, ರಕ್ತದೊತ್ತಡ, ಹರ್ನಿಯಾ ಇರುವವರೂ ಇನ್ಸುಲಿನ್ ಪಡೆಯುವವರೂ ಮೊದಲು ವೈದ್ಯರನ್ನು ಕೇಳತಕ್ಕದ್ದು.